ಅರ್ಥವಾಗುವ ಆಡಳಿತ ಕನ್ನಡ: ಪದಕೋಶದಿಂದ ವಾಕ್ಯದ ಕಡೆಗೆ

1

ಆಡಳಿತ ಭಾಷೆಯಾಗಿ ಕನ್ನಡವನ್ನು ಕುರಿತು ನಮ್ಮಲ್ಲಿ ಈವರೆಗೆ ನಡೆದಿರುವ ಚರ್ಚೆಗಳನ್ನು ಸ್ಥೂಲವಾಗಿ ಎರಡು ನೆಲೆಗಳಲ್ಲಿ ಗುರುತಿಸಬಹುದು. ಮೊದಲನೆಯದು ಅನುಷ್ಠಾನದ ನೆಲೆ. ಯಾವ ಇಲಾಖೆಯಲ್ಲಿ ಎಷ್ಟು ಕಡತಗಳು ಕನ್ನಡದಲ್ಲಿವೆ, ನಾಮಫಲಕಗಳು ಕನ್ನಡದಲ್ಲಿವೆಯೇ, ಸುತ್ತೋಲೆಗಳು ಇಂಗ್ಲಿಷಿನಲ್ಲಿಯೇ ಏಕೆ ಹೊರಡುತ್ತಿವೆ ಎಂಬ ಪ್ರಶ್ನೆಗಳು ಇಲ್ಲಿ ಮುಖ್ಯವಾಗುತ್ತವೆ. ಎರಡನೆಯದು ಪದರಚನೆಯ ನೆಲೆ. ಇಂಗ್ಲಿಷಿನ ಆಡಳಿತ ಪರಿಭಾಷೆಗೆ ಸಮಾನವಾದ ಕನ್ನಡ ಪದಗಳು ಯಾವುವು, ಅವು ಸಂಸ್ಕೃತದಿಂದ ಬರಬೇಕೇ, ಕನ್ನಡದ್ದೇ ಧಾತುಗಳಿಂದ ಹುಟ್ಟಬೇಕೇ, ಅಥವಾ ರೂಢಿಯಲ್ಲಿರುವ ಪರ್ಷಿಯನ್, ಮರಾಠಿ ಮೂಲದ ಪದಗಳನ್ನೇ ಉಳಿಸಿಕೊಳ್ಳಬೇಕೇ ಎಂಬುದು ಇಲ್ಲಿನ ಜಿಜ್ಞಾಸೆ. ಈ ಎರಡೂ ಚರ್ಚೆಗಳು ಅಗತ್ಯವಾಗಿದ್ದವು. 1963ರ ರಾಜಭಾಷಾ ಅಧಿನಿಯಮ, ಸ್ಥಳೀಯ ಪ್ರಾಧಿಕಾರಗಳನ್ನು ಕುರಿತ 1981ರ ಅಧಿನಿಯಮ, 1994ರ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ, 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇವೆಲ್ಲವುಗಳ ಹಿಂದೆ ಇಂತಹ ಚರ್ಚೆಗಳ ಒತ್ತಾಸೆಯಿದೆ.

ಆದರೆ ಈ ಎರಡು ನೆಲೆಗಳ ನಡುವೆ ಮೂರನೆಯ ಪ್ರಶ್ನೆಯೊಂದು ಬಿಟ್ಟುಹೋಗಿದೆ. ಕಚೇರಿಯಿಂದ ಹೊರಡುವ ಪತ್ರ ಕನ್ನಡದಲ್ಲಿದೆ, ಅದರ ಪದಗಳೆಲ್ಲ ಪರಿಚಿತವೇ ಆಗಿವೆ. ಆದರೂ ಅದನ್ನು ಓದಿದವರಿಗೆ ತಾವು ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ಇಂತಹ ಸಂದರ್ಭದಲ್ಲಿ ದೋಷ ಎಲ್ಲಿದೆ? ಅದನ್ನು ಅಳೆಯುವುದು ಹೇಗೆ? ಸರಿಪಡಿಸುವ ಹೊಣೆ ಯಾರದು? ಸ್ಪಷ್ಟತೆಯ ಪ್ರಶ್ನೆಯನ್ನು ನಾವು ಶೈಲಿಯ ಒಂದು ಅಲಂಕಾರವೆಂದು ಬದಿಗಿಟ್ಟಿದ್ದೇವೆ, ಆದರೆ ಕನ್ನಡ ಆಡಳಿತ ಭಾಷೆಯಾಗಿದೆಯೇ ಎಂಬ ಪ್ರಶ್ನೆಗೆ ನಿಜವಾದ ಉತ್ತರ ದೊರೆಯುವುದು ಅಲ್ಲಿಯೇ ಎಂಬುದು ಈ ಲೇಖನದ ನಿಲುವು.

2

ಈ ವಿಷಯದತ್ತ ನನ್ನ ಗಮನ ಹರಿದುದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಮಹಿಳೆಯೊಬ್ಬರು ವಿಧವಾ ವೇತನಕ್ಕೆ ಅರ್ಜಿ ಹಾಕಿದ್ದರು. ಅದಕ್ಕೆ ಕಚೇರಿಯಿಂದ ಒಂದು ಪತ್ರ ಬಂತು. ಅವರು ಮೊದಲು ಅದನ್ನು ಊರಿನ ಅಂಗಡಿಯವರಿಂದ ಓದಿಸಿದರು, ಬಳಿಕ ಶಾಲೆಯ ಮೇಷ್ಟ್ರಿಂದ ಓದಿಸಿದರು, ರಜೆಗೆಂದು ನಾನು ಊರಿಗೆ ಹೋದಾಗ ನನ್ನ ಮುಂದೆ ಹಿಡಿದರು. ಕನ್ನಡ ಸಾಹಿತ್ಯದಲ್ಲಿ ಎಂ.ಎ. ಮುಗಿಸಿದ್ದ ನಾನು ಅದನ್ನು ಎರಡು ಬಾರಿ ಓದಿದೆ. ಯಾವುದೋ ದಾಖಲೆ ಕೊಡಬೇಕೆಂಬುದು ತಿಳಿಯಿತು, ಆದರೆ ಯಾವ ದಾಖಲೆ ಎಂಬುದು ತಿಳಿಯಲಿಲ್ಲ. ಹದಿನೈದು ದಿನಗಳ ಗಡುವಿತ್ತು. ಅದು ಪತ್ರ ತಲುಪಿದ ದಿನದಿಂದ ಎಂದು ನಾವು ತಿಳಿದೆವು, ಕಚೇರಿ ಅದನ್ನು ಪತ್ರದ ಮೇಲಿನ ದಿನಾಂಕದಿಂದ ಲೆಕ್ಕ ಹಾಕಿತ್ತು. ನಾವು ಹೋದಾಗ ಅರ್ಜಿ ಮುಕ್ತಾಯಗೊಂಡಿತ್ತು. ಆಕೆ ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕಾಯಿತು. ಆ ನಡುವಿನ ತಿಂಗಳುಗಳ ವೇತನ ಆಕೆಗೆ ದೊರೆಯಲಿಲ್ಲ.

ಇಲ್ಲಿ ಯಾರೂ ಲಂಚ ಕೇಳಲಿಲ್ಲ, ಯಾರೂ ಇಂಗ್ಲಿಷಿನಲ್ಲಿ ಬರೆಯಲಿಲ್ಲ. ಕನ್ನಡದ ವಾಕ್ಯವೊಂದು ತನ್ನ ಕೆಲಸವನ್ನು ಮಾಡಲಿಲ್ಲ, ಅಷ್ಟೆ. ಅದರ ಬೆಲೆಯನ್ನು ಬರೆದವರು ತೆರಲಿಲ್ಲ, ಓದಿಸಿಕೊಂಡವರು ತೆತ್ತರು.

ಆ ಪತ್ರ ಈಗ ನನ್ನ ಬಳಿಯಿಲ್ಲ. ಆದರೆ ಅಂತಹ ಪತ್ರಗಳ ವಾಕ್ಯಬಂಧ ಈ ಪತ್ರಿಕೆಯ ಓದುಗರಿಗೆಲ್ಲ ಚಿರಪರಿಚಿತ. ಚರ್ಚೆಯ ಅನುಕೂಲಕ್ಕಾಗಿ ಅದೇ ಜಾಡಿನಲ್ಲಿ ನಾನೇ ರಚಿಸಿದ ಮಾದರಿಯೊಂದನ್ನು ಇಲ್ಲಿ ಕೊಡುತ್ತೇನೆ:

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖ 1ರ ತಮ್ಮ ಅರ್ಜಿಯನ್ನು ಉಲ್ಲೇಖ 2ರ ಸುತ್ತೋಲೆಯಲ್ಲಿನ ನಿರ್ದೇಶನಗಳನ್ವಯ ಪರಿಶೀಲಿಸಲಾಗಿ, ಸದರಿ ಅರ್ಜಿಯೊಂದಿಗೆ ಲಗತ್ತಿಸಬೇಕಾದ ದಾಖಲೆಗಳು ಪೂರ್ಣ ಪ್ರಮಾಣದಲ್ಲಿ ಲಗತ್ತಿಸದೇ ಇರುವುದು ಕಂಡುಬಂದಿದ್ದು, ಅಗತ್ಯ ದಾಖಲೆಗಳನ್ನು 15 ದಿನಗಳೊಳಗಾಗಿ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ನಿಯಮಾನುಸಾರ ಮುಂದಿನ ಕ್ರಮ ಕೈಗೊಳ್ಳಲಾಗುವುದೆಂದು ಈ ಮೂಲಕ ತಿಳಿಯಪಡಿಸಲಾಗಿದೆ."

ಈ ವಾಕ್ಯದಲ್ಲಿ ನಿಘಂಟು ನೋಡಬೇಕಾದ ಪದ ಒಂದೂ ಇಲ್ಲ. 'ಅರ್ಜಿ', 'ದಾಖಲೆ', 'ಕ್ರಮ', 'ದಿನ' ಎಲ್ಲವೂ ನಿತ್ಯದ ಮಾತುಗಳು. ಆದರೆ ಓದುಗರಿಗೆ ಬೇಕಾದ ಐದು ಸಂಗತಿಗಳಲ್ಲಿ ಒಂದೂ ಇಲ್ಲಿ ಪೂರ್ಣವಾಗಿಲ್ಲ. ಯಾವ ದಾಖಲೆಗಳು? ಹೇಳಿಲ್ಲ. ಯಾವ ದಿನದಿಂದ ಹದಿನೈದು ದಿನ? ಹೇಳಿಲ್ಲ. ಎಲ್ಲಿಗೆ, ಯಾರಿಗೆ ಕೊಡಬೇಕು? ಹೇಳಿಲ್ಲ. ಕೊಡದಿದ್ದರೆ ಏನಾಗುತ್ತದೆ? 'ಮುಂದಿನ ಕ್ರಮ' ಎಂದಿದೆ, ಅದು ತಿರಸ್ಕಾರವೋ, ಇನ್ನೊಂದು ನೋಟೀಸೋ ತಿಳಿಯದು. ಆ ಕ್ರಮವನ್ನು ಕೈಗೊಳ್ಳುವವರು ಯಾರು? ವಾಕ್ಯದಲ್ಲಿ ಮನುಷ್ಯರೇ ಇಲ್ಲ.

3

ಮನುಷ್ಯರಿಲ್ಲದ ಈ ವಾಕ್ಯವನ್ನು ವ್ಯಾಕರಣದ ದೃಷ್ಟಿಯಿಂದ ಸ್ವಲ್ಪ ನಿಧಾನವಾಗಿ ನೋಡುವುದು ಉಚಿತ. ಕನ್ನಡದಲ್ಲಿ ಕರ್ತೃಪದವನ್ನು ಬಿಟ್ಟು ವಾಕ್ಯ ರಚಿಸುವುದು ಸಹಜ. 'ನಾಳೆ ಬರುತ್ತೇನೆ' ಎಂದರೆ ಯಾರು ಬರುತ್ತಾರೆಂಬುದು ಆಖ್ಯಾತಪ್ರತ್ಯಯದಿಂದಲೇ ತಿಳಿಯುತ್ತದೆ. ಅಂದರೆ ಕನ್ನಡದ ಕ್ರಿಯಾಪದ ತನ್ನೊಳಗೆ ಕರ್ತೃವಿನ ಗುರುತನ್ನು ಹೊತ್ತುಕೊಂಡೇ ಇರುತ್ತದೆ. ಆದರೆ 'ಪರಿಶೀಲಿಸಲಾಗಿದೆ', 'ಕೈಗೊಳ್ಳಲಾಗುವುದು', 'ತಿಳಿಯಪಡಿಸಲಾಗಿದೆ' ಎಂಬ ರೂಪಗಳಲ್ಲಿ ಪ್ರತ್ಯಯ ಯಾವಾಗಲೂ ನಪುಂಸಕಲಿಂಗದ ಏಕವಚನ. ಕರ್ತೃಪದ ಹೋದ ಮೇಲೆ ಪ್ರತ್ಯಯದಲ್ಲಿ ಉಳಿಯಬೇಕಾಗಿದ್ದ ಗುರುತೂ ಇಲ್ಲಿ ಅಳಿಸಿಹೋಗುತ್ತದೆ. ಆಡುಮಾತಿನಲ್ಲಿ ವಿರಳವಾದ ಈ ಪ್ರಯೋಗ ಕಚೇರಿಯ ಬರಹದಲ್ಲಿ ಸರ್ವೇಸಾಮಾನ್ಯವಾದುದಕ್ಕೆ ಇಂಗ್ಲಿಷ್ ಕಡತಭಾಷೆಯ ಅನುಕರಣೆ ಒಂದು ಕಾರಣ. ಆದರೆ ಅದೊಂದೇ ಕಾರಣವಾಗಿದ್ದರೆ ಇಷ್ಟು ಕಾಲ ಅದು ಉಳಿಯುತ್ತಿರಲಿಲ್ಲ. ಆ ಪ್ರಯೋಗ ಕಚೇರಿಗೆ ಬೇಕಾಗಿದೆ, ಆದ್ದರಿಂದ ಉಳಿದಿದೆ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಎರಡನೆಯ ಸಂಗತಿ ಪದಕ್ರಮಕ್ಕೆ ಸಂಬಂಧಿಸಿದ್ದು. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲೇ ಬಂದು, ಷರತ್ತುಗಳೂ ವಿನಾಯಿತಿಗಳೂ ಅದರ ಹಿಂದೆ ಸಾಲಾಗಿ ಬರುತ್ತವೆ. ಓದುಗ ಮುಖ್ಯ ವಿಷಯವನ್ನು ತಿಳಿದುಕೊಂಡು ಷರತ್ತುಗಳಿಗೆ ಹೋಗುತ್ತಾನೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಿಶೇಷಣ ವಾಕ್ಯಗಳು ವಿಶೇಷ್ಯಕ್ಕಿಂತ ಮೊದಲು ಬರುತ್ತವೆ. ಇಂಗ್ಲಿಷಿನ ಒಂದು ದೀರ್ಘ ವಾಕ್ಯವನ್ನು ಒಂದೇ ವಾಕ್ಯವಾಗಿ ಕನ್ನಡಿಸಿದಾಗ ಷರತ್ತುಗಳೆಲ್ಲ ಮುಂದಕ್ಕೆ ನುಗ್ಗಿ, ಹೇಳಬೇಕಾದ ಮಾತು ಬಾಲದಲ್ಲಿ ಸಿಕ್ಕಿಕೊಳ್ಳುತ್ತದೆ. ಓದುಗ ಎಲ್ಲವನ್ನೂ ನೆನಪಿನಲ್ಲಿ ಹೊತ್ತು ಕೊನೆಯ ಪದಕ್ಕಾಗಿ ಕಾಯಬೇಕು. ಇಂಗ್ಲಿಷಿನಲ್ಲಿ ಸಹನೀಯವಾದ ವಾಕ್ಯದೈರ್ಘ್ಯ ಕನ್ನಡದಲ್ಲಿ ಅಸಹನೀಯವಾಗುವುದು ಇದರಿಂದ. ನಮ್ಮ ಕಾನೂನು ಅನುವಾದಗಳಲ್ಲಿ 'ಪರಂತು' ಎಂದು ಆರಂಭವಾಗಿ 'ತಕ್ಕದ್ದು' ಎಂದು ಮುಗಿಯುವ ವಾಕ್ಯಗಳ ದುರ್ಗಮತೆಗೆ ಭಾಷೆಯ ಬಡತನ ಕಾರಣವಲ್ಲ. ಇಂಗ್ಲಿಷಿನ ಪೂರ್ಣವಿರಾಮಗಳನ್ನು ಕನ್ನಡದ ಮೇಲೆ ಹೇರಿದುದು ಕಾರಣ.

ಮೂರನೆಯದು 'ಇದ್ದು', 'ಆಗಿದ್ದು', 'ಕಂಡುಬಂದಿದ್ದು' ಎಂಬ ಕೊಂಡಿಗಳು. ಭೂತನ್ಯೂನ ರೂಪದ ಸರಪಳಿ ಕನ್ನಡದ ಜೀವಾಳ. ನಮ್ಮ ಜನಪದ ಕಥೆಗಳು 'ಎದ್ದು, ಹೋಗಿ, ನೋಡಿ, ಬಂದು' ಎಂದೇ ಸಾಗುತ್ತವೆ. ಅಲ್ಲಿ ಎಲ್ಲ ಕ್ರಿಯೆಗಳ ಕರ್ತೃ ಒಬ್ಬನೇ, ಕ್ರಮ ಕಾಲಾನುಕ್ರಮ. ಕಚೇರಿಯ ವಾಕ್ಯದಲ್ಲಿಯಾದರೋ ಪ್ರತಿ ಕೊಂಡಿಗೂ ಕರ್ತೃ ಬದಲಾಗುತ್ತದೆ. ಪರಿಶೀಲಿಸಿದ್ದು ಕಚೇರಿ, ಲಗತ್ತಿಸದಿದ್ದುದು ಅರ್ಜಿದಾರರು, ಸಲ್ಲಿಸಬೇಕಾದವರು ಮತ್ತೆ ಅರ್ಜಿದಾರರು, ಕ್ರಮ ಕೈಗೊಳ್ಳುವುದು ಮತ್ತೆ ಕಚೇರಿ. ಬರೆಯುವವರೇ ಈ ಸರಪಳಿಯಲ್ಲಿ ದಾರಿ ತಪ್ಪುತ್ತಾರೆ. ಮೇಲಿನ ಮಾದರಿಯಲ್ಲಿ 'ದಾಖಲೆಗಳು ಲಗತ್ತಿಸದೇ' ಎಂಬಲ್ಲಿ ದ್ವಿತೀಯಾ ವಿಭಕ್ತಿ ಬಿಟ್ಟುಹೋದುದನ್ನು ಗಮನಿಸಬಹುದು. ಇಂತಹ ವಿಭಕ್ತಿಲೋಪ ನಮ್ಮ ಕಚೇರಿ ಪತ್ರಗಳಲ್ಲಿ ಸಾಮಾನ್ಯ. ಅದು ಬರೆದವರ ಅಜ್ಞಾನಕ್ಕಿಂತ ಹೆಚ್ಚಾಗಿ ವಾಕ್ಯದ ಉದ್ದವನ್ನು ಸೂಚಿಸುತ್ತದೆ.

4

ಸ್ಪಷ್ಟತೆಯನ್ನು ಅಳೆಯುವ ಪ್ರಯತ್ನಗಳು ಬೇರೆ ಭಾಷೆಗಳಲ್ಲಿ ಬಹಳ ಹಿಂದೆಯೇ ನಡೆದಿವೆ. ಇಂಗ್ಲಿಷಿನಲ್ಲಿ ರುಡಾಲ್ಫ್ ಫ್ಲೆಷ್ 1948ರಲ್ಲಿ ರೂಪಿಸಿದ ಸೂತ್ರ ಪ್ರಸಿದ್ಧವಾದುದು. ಒಂದು ವಾಕ್ಯದಲ್ಲಿ ಸರಾಸರಿ ಎಷ್ಟು ಪದಗಳಿವೆ, ಒಂದು ಪದದಲ್ಲಿ ಸರಾಸರಿ ಎಷ್ಟು ಉಚ್ಚಾರಾಂಶಗಳಿವೆ ಎಂಬ ಎರಡು ಲೆಕ್ಕಗಳಿಂದ ಅದು ಬರಹದ ಸುಲಭತೆಯನ್ನು ಅಂಕಿಯಲ್ಲಿ ಹೇಳುತ್ತದೆ. ಅದೇ ವರ್ಷ ಬ್ರಿಟನ್ನಿನಲ್ಲಿ ಅರ್ನೆಸ್ಟ್ ಗವರ್ಸ್ ಅವರು ಅಲ್ಲಿನ ಖಜಾನೆ ಇಲಾಖೆಯ ಕೋರಿಕೆಯಂತೆ ಸರ್ಕಾರಿ ನೌಕರರಿಗಾಗಿ ಬರೆದ ಸರಳ ಬರವಣಿಗೆಯ ಕೈಪಿಡಿ ಪ್ರಕಟವಾಯಿತು. 2009ರ ಸ್ವೀಡನ್ನಿನ ಭಾಷಾ ಕಾಯಿದೆ ಸಾರ್ವಜನಿಕ ಸಂಸ್ಥೆಗಳ ಭಾಷೆ ಸರಳವೂ ಅರ್ಥವಾಗುವಂತಹುದೂ ಆಗಿರಬೇಕೆಂದು ವಿಧಿಸಿತು. ಅಮೆರಿಕದಲ್ಲಿ 2010ರಲ್ಲಿ ಸರಳ ಬರವಣಿಗೆಯ ಕಾಯಿದೆ ಬಂತು. 2023ರಲ್ಲಿ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯೂ ಸರಳ ಭಾಷೆಗೆ ಒಂದು ಮಾನಕವನ್ನು ಪ್ರಕಟಿಸಿತು. ಓದುಗರಿಗೆ ಬೇಕಾದುದು ಬರಹದಲ್ಲಿ ಇರಬೇಕು, ಅದು ಸುಲಭವಾಗಿ ಕಣ್ಣಿಗೆ ಬೀಳಬೇಕು, ಅರ್ಥವಾಗಬೇಕು, ಬಳಕೆಗೆ ಬರಬೇಕು ಎಂಬ ನಾಲ್ಕು ತತ್ವಗಳ ಮೇಲೆ ಅದು ನಿಂತಿದೆ.

ಇವುಗಳಿಂದ ನಾವು ಕಲಿಯಬೇಕಾದುದಿದೆ, ಆದರೆ ಇವನ್ನು ಹಾಗೆಯೇ ಎತ್ತಿಕೊಳ್ಳಲಾಗದು. ಫ್ಲೆಷ್ ಸೂತ್ರವನ್ನೇ ನೋಡೋಣ. ಕನ್ನಡ ಪ್ರತ್ಯಯಗಳನ್ನು ಜೋಡಿಸಿ ಪದ ಕಟ್ಟುವ ಭಾಷೆ. 'ಹೋಗಬೇಕಾಗಿದ್ದರೂ' ಎಂಬುದು ಇಲ್ಲಿ ಒಂದೇ ಪದ, ಏಳು ಅಕ್ಷರ. ಇಂಗ್ಲಿಷ್ ಸೂತ್ರದ ಪ್ರಕಾರ ಅದು ಅತಿ ಕಠಿಣ ಪದ. ಆದರೆ ಶಾಲೆಯ ಮೆಟ್ಟಿಲು ಹತ್ತದವರೂ ಅದನ್ನು ದಿನವೂ ಆಡುತ್ತಾರೆ. ಪ್ರತಿಯಾಗಿ 'ಸದರಿ' ಎಂಬುದು ಮೂರೇ ಅಕ್ಷರ. ಆದರೆ ಅದು ಹಿಂದಿನ ಯಾವ ನಾಮಪದವನ್ನು ಸೂಚಿಸುತ್ತಿದೆ ಎಂದು ಹುಡುಕುವುದರಲ್ಲಿ ಓದುಗ ಸೋಲುತ್ತಾನೆ. ಆದ್ದರಿಂದ ಕನ್ನಡದ ಸ್ಪಷ್ಟತೆಗೆ ಕನ್ನಡದ ರಚನೆಯಿಂದಲೇ ಅಳತೆಗೋಲು ಹುಟ್ಟಬೇಕು. ಕನ್ನಡ ವ್ಯಾಕರಣವನ್ನು ಕನ್ನಡದ ರಚನೆಯಿಂದಲೇ ಕಟ್ಟಬೇಕೆಂದು ಡಿ.ಎನ್. ಶಂಕರ ಭಟ್ಟರು ವಾದಿಸಿದರು. ಅವರ ಪದರಚನೆಯ ಸಲಹೆಗಳನ್ನು ಒಪ್ಪದವರೂ ಈ ಮೂಲ ಮಾತನ್ನು ಇಲ್ಲಿ ಒಪ್ಪಬೇಕಾಗುತ್ತದೆ.

ಅಂತಹ ಅಳತೆಗೋಲಿನ ಅಂಶಗಳು ಯಾವುವು? ನಾಲ್ಕನ್ನು ನಾನು ಸೂಚಿಸಬಯಸುತ್ತೇನೆ. ಒಂದು, ಕರ್ತೃಪದಕ್ಕೂ ಅದರ ಕ್ರಿಯಾಪದಕ್ಕೂ ನಡುವಿನ ಅಂತರ. ಎರಡು, ಒಂದೇ ಪೂರ್ಣವಿರಾಮದೊಳಗೆ ಕರ್ತೃ ಎಷ್ಟು ಬಾರಿ ಬದಲಾಗುತ್ತದೆ ಎಂಬ ಲೆಕ್ಕ. ಮೂರು, ಕರ್ತೃವಿನ ಗುರುತನ್ನು ಅಳಿಸುವ 'ಲಾಗಿದೆ' ರೂಪಗಳ ಸಂಖ್ಯೆ. ನಾಲ್ಕು, 'ಸದರಿ', 'ಮೇಲ್ಕಂಡ', 'ಉಲ್ಲೇಖಿತ', 'ಅಗತ್ಯ', 'ಸೂಕ್ತ', 'ನಿಯಮಾನುಸಾರ' ಮೊದಲಾದ, ತಮ್ಮ ಅರ್ಥಕ್ಕಾಗಿ ಬೇರೆಡೆಗೆ ಬೆರಳು ತೋರುವ ಪದಗಳ ಸಂಖ್ಯೆ. ಇವು ನಾಲ್ಕನ್ನೂ ಯಾವುದೇ ಸ್ನಾತಕೋತ್ತರ ವಿದ್ಯಾರ್ಥಿ ಪೆನ್ಸಿಲ್ ಹಿಡಿದು ಎಣಿಸಬಹುದು.

ಆದರೆ ಎಣಿಕೆ ಅರ್ಧದಷ್ಟೇ ಪರೀಕ್ಷೆ. ಉಳಿದರ್ಧ ಓದುಗರದು. ಪತ್ರವನ್ನು ಅದು ಯಾರಿಗಾಗಿ ಬರೆಯಲಾಗಿದೆಯೋ ಅಂತಹವರ ಕೈಗೆ ಕೊಟ್ಟು ಐದು ಪ್ರಶ್ನೆಗಳನ್ನು ಕೇಳಬೇಕು: ನೀವು ಏನು ಮಾಡಬೇಕು? ಯಾವ ದಿನದೊಳಗೆ? ಎಲ್ಲಿ? ಮಾಡದಿದ್ದರೆ ಏನಾಗುತ್ತದೆ? ಇದನ್ನು ಹೇಳುತ್ತಿರುವವರು ಯಾರು? ಓದಲು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿ ಕೇಳಬೇಕು. ನಮ್ಮಲ್ಲಿ ಕಚೇರಿಯ ಪತ್ರಗಳನ್ನು ಇನ್ನೊಬ್ಬರಿಂದ ಓದಿಸಿ ಕೇಳುವವರು ಇಂದಿಗೂ ಇದ್ದಾರೆ. ಕಣ್ಣಿಗೆ ಹೇಗೋ ಸಾಗುವ ವಾಕ್ಯ ಕಿವಿಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಕನ್ನಡದ ಮಟ್ಟಿಗೆ ಸ್ಪಷ್ಟತೆಯ ಅಂತಿಮ ಪರೀಕ್ಷೆ ಕಿವಿಯದೇ ಎಂದು ನನಗನ್ನಿಸುತ್ತದೆ.

5

ಇದು ಸಾಹಿತ್ಯ ವಿಭಾಗಗಳ ಕೆಲಸವೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ನಮ್ಮ ಪರಂಪರೆಯ ಎರಡು ಆಕರಗಳನ್ನು ಇಲ್ಲಿ ನೆನೆಯಬಹುದು.

ಮೊದಲನೆಯದು ಕಾವ್ಯಮೀಮಾಂಸೆ. ದಂಡಿ ಹೇಳುವ ಹತ್ತು ಗುಣಗಳನ್ನು ನಾವು ತರಗತಿಯಲ್ಲಿ ಪಾಠ ಮಾಡುತ್ತೇವೆ. ಅವುಗಳಲ್ಲಿ 'ಪ್ರಸಾದ'ದ ಜೊತೆಗೆ 'ಅರ್ಥವ್ಯಕ್ತಿ' ಎಂಬುದೂ ಒಂದು. ಅರ್ಥವನ್ನು ಹೊರಗಿನಿಂದ ತಂದು ತುಂಬಬೇಕಾದ ಅಗತ್ಯವಿಲ್ಲದಿರುವುದೇ ಅರ್ಥವ್ಯಕ್ತಿ. ಹಾಗೆ ತಂದು ತುಂಬಬೇಕಾದರೆ ಅದು 'ನೇಯಾರ್ಥ'ವೆಂಬ ದೋಷ. ದಂಡಿಯನ್ನು ಬಹುಮಟ್ಟಿಗೆ ಅನುಸರಿಸುವ ಕವಿರಾಜಮಾರ್ಗ ತನ್ನ ಮೊದಲ ಪರಿಚ್ಛೇದವನ್ನೇ ದೋಷಾದೋಷಗಳ ವಿವೇಚನೆಗೆ ಮೀಸಲಿಟ್ಟಿತು. ಯಾವ ಪದ ಯಾವುದರೊಡನೆ ಕೂಡಬೇಕು, ಕೂಡಬಾರದು ಎಂಬ ಎಚ್ಚರ ಕನ್ನಡದ ಮೊದಲ ಉಪಲಬ್ಧ ಗ್ರಂಥದಲ್ಲಿಯೇ ಇದೆ. 'ಅಗತ್ಯ ದಾಖಲೆ', 'ಸೂಕ್ತ ಕ್ರಮ' ಎಂಬ ಪ್ರಯೋಗಗಳು ನೇಯಾರ್ಥ ದೋಷಕ್ಕೆ ಇಂದು ದೊರೆಯಬಹುದಾದ ಅತ್ಯುತ್ತಮ ಉದಾಹರಣೆಗಳು. ಕಾವ್ಯದಲ್ಲಿ ಈ ದೋಷದಿಂದ ರಸಭಂಗವಾಗುತ್ತದೆ, ಕಚೇರಿಯಲ್ಲಿ ವೇತನಭಂಗವಾಗುತ್ತದೆ. ಸಾವಿರ ವರ್ಷಕ್ಕೂ ಹಳೆಯದಾದ ಈ ಪರಿಭಾಷೆಯನ್ನು ನಾವು ಪರೀಕ್ಷೆಯ ಟಿಪ್ಪಣಿಯಾಗಿಯಷ್ಟೇ ಉಳಿಸಿಕೊಂಡಿದ್ದೇವೆ.

ಎರಡನೆಯದು ಶಾಸನಗಳು. ನಮ್ಮ ದಾನಶಾಸನಗಳನ್ನು ಆಡಳಿತ ಬರಹಗಳಾಗಿ ಓದಿದರೆ ಅವುಗಳ ಖಚಿತತೆ ಬೆರಗು ಹುಟ್ಟಿಸುತ್ತದೆ. ದಾನ ಕೊಟ್ಟವರು ಯಾರು, ಪಡೆದವರು ಯಾರು, ಯಾವ ಶಕವರ್ಷದ ಯಾವ ತಿಥಿ, ಭೂಮಿ ಎಷ್ಟು, ನಾಲ್ಕು ದಿಕ್ಕುಗಳಲ್ಲಿ ಅದರ ಎಲ್ಲೆ ಯಾವ ಕೆರೆ, ಯಾವ ಮರ, ಯಾವ ಕಲ್ಲು ಎಂಬುದೆಲ್ಲ ಅಲ್ಲಿರುತ್ತದೆ. ಇದನ್ನು ಅಳಿಪಿದವರಿಗೆ ಏನಾಗುತ್ತದೆ ಎಂಬುದಂತೂ ಶಾಪಾಶಯದಲ್ಲಿ ಅತ್ಯಂತ ಸ್ಪಷ್ಟ! ಹೊಗಳಿಕೆಯ ಭಾಗ ಸಂಸ್ಕೃತದಲ್ಲಿಯೂ ವ್ಯವಹಾರದ ಭಾಗ ದೇಶಭಾಷೆಯಲ್ಲಿಯೂ ಇರುವ ಶಾಸನಗಳ ಈ ಕಾರ್ಯವಿಭಜನೆಯನ್ನು ಶೆಲ್ಡನ್ ಪೊಲಾಕ್ ಅವರು ವಿಸ್ತಾರವಾಗಿ ಚರ್ಚಿಸಿದ್ದಾರೆ. ಎಲ್ಲೆಕಟ್ಟು ಹೇಳುವಾಗ ಕನ್ನಡ ಬೇಕಾದುದು ಅದು ಸ್ಥಳದ ಜನರಿಗೆ ತಿಳಿಯಬೇಕಾಗಿದ್ದುದರಿಂದ. ಹಳೆಯದೆಲ್ಲ ಸೊಗಸೆಂದು ನಾನು ಹೇಳುತ್ತಿಲ್ಲ. ಶಾಸನಗಳ ಲೋಕದಲ್ಲಿ ಅಕ್ಷರ ಕೆಲವರ ಸೊತ್ತಾಗಿತ್ತು, ದಾನಗಳ ಹಿಂದೆ ಯಜಮಾನಿಕೆಯಿತ್ತು. ಆದರೆ 'ಯಾರು, ಏನು, ಎಲ್ಲಿ, ಎಂದು, ತಪ್ಪಿದರೆ ಏನು' ಎಂಬ ಐದಕ್ಕೂ ಉತ್ತರಿಸುವ ಆಡಳಿತ ಗದ್ಯ ಕನ್ನಡಕ್ಕೆ ಹೊಸದಲ್ಲ ಎಂಬುದನ್ನು ಅವು ತೋರಿಸುತ್ತವೆ.

6

ಹಾಗಾದರೆ ಇಂದಿನ ಕಚೇರಿ ಏಕೆ ಹಾಗೆ ಬರೆಯುವುದಿಲ್ಲ? ನೌಕರರಿಗೆ ಕನ್ನಡ ಬಾರದು ಎಂಬುದು ಸುಲಭದ ಉತ್ತರ, ಆದರೆ ಅದು ಸರಿಯಾದ ಉತ್ತರವಲ್ಲ. ಅದೇ ವಿಷಯ ನಿರ್ವಾಹಕರನ್ನು ಮೇಜಿನ ಮುಂದೆ ನಿಂತು ಕೇಳಿದರೆ, 'ಮರಣ ಪ್ರಮಾಣಪತ್ರ ಇಲ್ಲ, ಶುಕ್ರವಾರದೊಳಗೆ ತನ್ನಿ' ಎಂದು ಎರಡು ವಾಕ್ಯಗಳಲ್ಲಿ ಹೇಳುತ್ತಾರೆ. ಅವರಿಗೆ ಸ್ಪಷ್ಟವಾಗಿ ಮಾತಾಡಲು ಬರುತ್ತದೆ, ಸ್ಪಷ್ಟವಾಗಿ ಬರೆಯಲು ಭಯ.

ಈ ಭಯಕ್ಕೆ ಆಧಾರವಿದೆ. ಕಚೇರಿಯಲ್ಲಿ ಬರೆದದ್ದು ಕಡತದಲ್ಲಿ ಉಳಿಯುತ್ತದೆ. ಕಡತ ಲೆಕ್ಕಪರಿಶೋಧನೆಗೆ, ಇಲಾಖಾ ವಿಚಾರಣೆಗೆ, ನ್ಯಾಯಾಲಯಕ್ಕೆ ಹೋಗಬಹುದು. 'ಈ ಎರಡು ದಾಖಲೆ ಸಾಕು' ಎಂದು ಬರೆದವರು, ನಾಳೆ ಮೂರನೆಯದು ಬೇಕಾಗಿತ್ತೆಂದಾದರೆ ಉತ್ತರ ಕೊಡಬೇಕು. 'ಅಗತ್ಯ ದಾಖಲೆಗಳು' ಎಂದು ಬರೆದವರನ್ನು ಯಾರೂ ಹಿಡಿಯಲಾರರು. ಕಚೇರಿಯ ಒಳಗಿನ ಬರಹವೂ ಹೀಗೆಯೇ. ಕೆಳಗಿನವರು 'ಮುಂದಿನ ಆದೇಶಕ್ಕಾಗಿ ಮಂಡಿಸಿದೆ' ಎಂದು ಕಡತ ಮೇಲಕ್ಕೆ ಕಳುಹಿಸುತ್ತಾರೆ. ಮೇಲಿನವರು 'ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳಿ' ಎಂದು ಕೆಳಕ್ಕೆ ಇಳಿಸುತ್ತಾರೆ. ಯಾವ ನಿಯಮ, ಯಾವ ಕ್ರಮ ಎಂಬುದನ್ನು ಇಬ್ಬರೂ ಬರೆಯುವುದಿಲ್ಲ. ತೀರ್ಮಾನಿಸಲಾಗದಿದ್ದಾಗ 'ಚರ್ಚಿಸಿ' ಎಂಬ ಒಂದೇ ಪದದ ಷರಾ ಇದೆ. ಚರ್ಚೆ ಬಾಯಿಮಾತಿನಲ್ಲಿ ನಡೆಯುತ್ತದೆ, ಕಡತದಲ್ಲಿ ಅದರ ಗುರುತಿರುವುದಿಲ್ಲ. ಹೊಣೆಯನ್ನು ದಾಟಿಸುವ ಈ ಆಟದಲ್ಲಿ ಕರ್ತೃವಿಲ್ಲದ ಕ್ರಿಯಾಪದ ಎಲ್ಲರಿಗೂ ಕವಚ. 'ಲಾಗಿದೆ' ಪ್ರಯೋಗ ಕಚೇರಿಗೆ ಬೇಕಾಗಿದೆ ಎಂದು ಹಿಂದೆ ಹೇಳಿದುದು ಈ ಅರ್ಥದಲ್ಲಿ. ಸರ್ಕಾರದ ಆದೇಶಗಳು ರಾಜ್ಯಪಾಲರ ಹೆಸರಿನಲ್ಲಿ ಹೊರಡಬೇಕೆಂಬುದು ಸಂವಿಧಾನದ 166ನೆಯ ವಿಧಿ. ಅದು ಸಾಂವಿಧಾನಿಕ ಔಚಿತ್ಯ. ಆದರೆ ಒಂದು ತಾಲ್ಲೂಕು ಕಚೇರಿಯ ತಿಳುವಳಿಕೆ ಪತ್ರದಲ್ಲಿಯೂ ಬರೆದವರು ಕಾಣೆಯಾಗಬೇಕೆಂದು ಯಾವ ವಿಧಿಯೂ ಹೇಳುವುದಿಲ್ಲ.

ಆದ್ದರಿಂದ ಸ್ಪಷ್ಟತೆಯನ್ನು ಕೇವಲ ಭಾಷಾ ತರಬೇತಿಯಿಂದ ಸಾಧಿಸಲಾಗದು. ಸ್ಪಷ್ಟವಾಗಿ ಬರೆದು ಸಣ್ಣ ತಪ್ಪು ಮಾಡಿದವರಿಗೆ ರಕ್ಷಣೆಯೂ, ಅಸ್ಪಷ್ಟವಾಗಿ ಬರೆದು ಸುರಕ್ಷಿತವಾಗಿ ಉಳಿದವರಿಗೆ ಪ್ರಶ್ನೆಯೂ ಎದುರಾಗುವ ವ್ಯವಸ್ಥೆ ಬೇಕು. ಇದಕ್ಕೆ ಕಾನೂನಿನಲ್ಲಿಯೇ ಮಾದರಿಯಿದೆ. 2005ರ ಮಾಹಿತಿ ಹಕ್ಕು ಅಧಿನಿಯಮದ 7ನೆಯ ಪ್ರಕರಣದ 8ನೆಯ ಉಪಪ್ರಕರಣ, ಅರ್ಜಿಯನ್ನು ತಿರಸ್ಕರಿಸುವಾಗ ಮೂರು ಸಂಗತಿಗಳನ್ನು ತಿಳಿಸಲೇಬೇಕೆನ್ನುತ್ತದೆ: ತಿರಸ್ಕಾರಕ್ಕೆ ಕಾರಣ, ಮೇಲ್ಮನವಿ ಸಲ್ಲಿಸಬೇಕಾದ ಅವಧಿ, ಮೇಲ್ಮನವಿ ಪ್ರಾಧಿಕಾರದ ವಿವರ. ಸರಳವಾಗಿ ಬರೆಯಿರಿ ಎಂದು ಅದು ಉಪದೇಶಿಸುವುದಿಲ್ಲ. ಪತ್ರದಲ್ಲಿ ಏನಿರಬೇಕೆಂದು ನಿಗದಿಪಡಿಸುತ್ತದೆ. ಸೇವೆಗಳಿಗೆ ಕಾಲಮಿತಿ ನಿಗದಿಪಡಿಸಿದ 2011ರ ಸಕಾಲ ಅಧಿನಿಯಮ ದಿನಗಳನ್ನು ಎಣಿಸಲು ಕಚೇರಿಗಳಿಗೆ ಕಲಿಸಿತು. ವಾಕ್ಯಗಳನ್ನು ಎಣಿಸಲು ಇನ್ನೂ ಯಾರೂ ಕಲಿಸಿಲ್ಲ.

7

ಮೇಲೆ ಕೊಟ್ಟ ಮಾದರಿ ಪತ್ರವನ್ನು ಹೀಗೆ ತಿದ್ದಬಹುದು:

"ವಿಧವಾ ವೇತನಕ್ಕಾಗಿ ನೀವು ಸಲ್ಲಿಸಿದ ಅರ್ಜಿಯೊಂದಿಗೆ ಎರಡು ದಾಖಲೆಗಳು ಇಲ್ಲ: ಪತಿಯ ಮರಣ ಪ್ರಮಾಣಪತ್ರ ಮತ್ತು ಆದಾಯ ಪ್ರಮಾಣಪತ್ರ. ಇವುಗಳ ಪ್ರತಿಗಳನ್ನು ಮಾರ್ಚ್ 20ರ ಸಂಜೆ 5 ಗಂಟೆಯೊಳಗೆ ನಾಡಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಿರಿ. ಆ ದಿನದೊಳಗೆ ಕೊಡದಿದ್ದರೆ ತಹಶೀಲ್ದಾರರು ನಿಮ್ಮ ಅರ್ಜಿಯನ್ನು ತಿರಸ್ಕರಿಸುತ್ತಾರೆ. ಆಗ ನೀವು ಹೊಸದಾಗಿ ಅರ್ಜಿ ಹಾಕಬೇಕಾಗುತ್ತದೆ."

ಇಲ್ಲಿ ಪದಗಳನ್ನು ಬದಲಿಸಿದುದು ಕಡಿಮೆ. 'ಪ್ರಮಾಣಪತ್ರ' ಸಂಸ್ಕೃತ, 'ಅರ್ಜಿ', 'ರಸೀದಿ', 'ತಹಶೀಲ್ದಾರ' ಪರ್ಷಿಯನ್, ಅರಬ್ಬಿ ಮೂಲದವು. ಅವೆಲ್ಲ ಹಾಗೆಯೇ ಉಳಿದಿವೆ, ಉಳಿಯಬೇಕು. 'ಪಹಣಿ', 'ಖಾತೆ' ಎಂದರೆ ರೈತನಿಗೆ ತಕ್ಷಣ ತಿಳಿಯುತ್ತದೆ. ಅವುಗಳ ಜಾಗದಲ್ಲಿ ಯಾವುದೇ ಮೂಲದ ಹೊಸ ಪದವನ್ನು ತಂದರೂ ಸ್ಪಷ್ಟತೆ ಕುಗ್ಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಬದಲಾದುದು ವಾಕ್ಯ. ಒಂದು ನಾಲ್ಕಾಗಿದೆ, ಕರ್ತೃ ಮರಳಿ ಬಂದಿದ್ದಾರೆ, ದಿನ ದಿನಾಂಕವಾಗಿದೆ.

ಸರಳಗೊಳಿಸಿದರೆ ಕಾನೂನಿನ ಖಚಿತತೆ ಹೋಗುತ್ತದೆ ಎಂಬ ಆಕ್ಷೇಪವನ್ನು ಲಘುವಾಗಿ ಕಾಣಬಾರದು. ಅಧಿನಿಯಮದ ಪಠ್ಯದಲ್ಲಿ ಪ್ರತಿ ಪದಕ್ಕೂ ವ್ಯಾಖ್ಯೆಯ ಚರಿತ್ರೆಯಿರುತ್ತದೆ, ಅಲ್ಲಿ ಕೆಲವು ತೊಡಕುಗಳು ಅನಿವಾರ್ಯ. ಆದರೆ ಮೇಲಿನ ಎರಡು ಪತ್ರಗಳಲ್ಲಿ ಹೆಚ್ಚು ಖಚಿತವಾದುದು ಯಾವುದು? ಗಡುವಿನ ಬಗ್ಗೆ ವಿವಾದ ಹುಟ್ಟಿದರೆ ನ್ಯಾಯಾಲಯದ ಮುಂದೆ ನಿಲ್ಲಬಲ್ಲುದು ಯಾವುದು? ನಮ್ಮ ಕಚೇರಿ ಗದ್ಯದ ಬಹುಪಾಲು ತೊಡಕು ಖಚಿತತೆಯ ಬೆಲೆಯಲ್ಲ, ಖಚಿತತೆಯ ಅಭಾವ.

8

ಕನ್ನಡ ವಿಭಾಗಗಳು ಮಾಡಬಹುದಾದುದು ಏನು? ಪದವಿ ತರಗತಿಗಳ 'ಆಡಳಿತ ಕನ್ನಡ' ಪಠ್ಯಗಳಲ್ಲಿ ನಾವು ಪತ್ರದ ಆಕಾರವನ್ನು ಕಲಿಸುತ್ತೇವೆ: ವಿಷಯ ಎಲ್ಲಿ, ಉಲ್ಲೇಖ ಎಲ್ಲಿ, ಸಹಿ ಎಲ್ಲಿ. ಜೊತೆಗೆ ಪಾರಿಭಾಷಿಕ ಪದಗಳ ಪಟ್ಟಿ ಕೊಡುತ್ತೇವೆ. ಅದರ ಬದಲು ವಿದ್ಯಾರ್ಥಿಗಳು ನಿಜವಾದ ನೋಟೀಸೊಂದನ್ನು ತಂದು, ಮೇಲೆ ಹೇಳಿದ ನಾಲ್ಕು ಎಣಿಕೆಗಳನ್ನು ಮಾಡಿ, ಐವರ ಮುಂದೆ ಓದಿ ಪರೀಕ್ಷಿಸಿ, ತಿದ್ದಿ ಬರೆಯಲಿ. ಸ್ನಾತಕೋತ್ತರ ಕಿರುಪ್ರಬಂಧಗಳಿಗೆ ಒಂದೊಂದು ಇಲಾಖೆಯ ಪತ್ರವ್ಯವಹಾರ ವಸ್ತುವಾಗಲಿ. ಹೆಚ್ಚು ಬಳಕೆಯಲ್ಲಿರುವ ಕೆಲವೇ ಪತ್ರಗಳ ತಿದ್ದಿದ ಮಾದರಿಗಳನ್ನು ಒಂದು ವಿಭಾಗ, ಒಂದು ತಾಲ್ಲೂಕು ಕಚೇರಿಯೊಡನೆ ಕುಳಿತು ಸಿದ್ಧಪಡಿಸಿದರೂ ಅದರ ಫಲ ದೊಡ್ಡದು. ಗಣಕಯಂತ್ರ ಬಂದ ಮೇಲೆ ಕಚೇರಿಗಳಲ್ಲಿ ಹಳೆಯ ಪತ್ರದ ಒಡಲನ್ನೇ ನಕಲಿಸಿ ಹೆಸರು, ದಿನಾಂಕ ಬದಲಿಸುವ ರೂಢಿಯಿದೆ. ಕೆಟ್ಟ ವಾಕ್ಯ ಹಾಗೆ ಹಬ್ಬುತ್ತಿರುವಾಗ ಒಳ್ಳೆಯ ವಾಕ್ಯವೂ ಹಾಗೆಯೇ ಹಬ್ಬಬಲ್ಲದು.

ಇದನ್ನು ಹೇಳುವಾಗ ನಮ್ಮ ಮನೆಯ ಕಡೆಗೂ ನೋಡಿಕೊಳ್ಳಬೇಕು. ವಿಶ್ವವಿದ್ಯಾಲಯಗಳ ಪ್ರಕಟಣೆಗಳನ್ನು ಓದಿ, ಶುಲ್ಕ ಕಟ್ಟುವ ಕೊನೆಯ ದಿನ ಯಾವುದೆಂದು ಒಬ್ಬರನ್ನೊಬ್ಬರು ಕೇಳುತ್ತ ಅಲೆದ ಅನುಭವ ಸಂಶೋಧನಾರ್ಥಿಗಳಿಗೆಲ್ಲ ಇದೆ. ನಮ್ಮ ಸಂಶೋಧನಾ ಲೇಖನಗಳ ಗದ್ಯವೂ 'ಗುರುತಿಸಲಾಗಿದೆ', 'ಭಾವಿಸಲಾಗುತ್ತದೆ', 'ಹೇಳಬಹುದಾಗಿದೆ' ಎಂಬ ಕವಚಗಳಿಂದ ಮುಕ್ತವಾಗಿಲ್ಲ. ಯಾರು ಭಾವಿಸಿದರು? ನಾವೇ ಭಾವಿಸಿದ್ದರೆ ಹಾಗೆಂದು ಬರೆಯಲು ಅಂಜಿಕೆ ಏಕೆ? ಗುಮಾಸ್ತರಿಗೆ ಲೆಕ್ಕಪರಿಶೋಧಕರ ಭಯ, ನಮಗೆ ಮೌಲ್ಯಮಾಪಕರ ಭಯ. ಈ ಲೇಖನದಲ್ಲಿಯೂ ಅಂತಹ ರೂಪಗಳು ಹಲವು ಉಳಿದಿವೆ. ತಿದ್ದುವಾಗ ಅವುಗಳನ್ನು ಎಣಿಸಿದೆ, ಎಲ್ಲವನ್ನೂ ತೆಗೆಯಲಾಗಲಿಲ್ಲ.

ಕುಂದುಕೊರತೆಗಳ ಪರಿಹಾರಕ್ಕಾಗಿ ಪ್ರಜೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಪ್ರಜೆ ತನ್ನ ಭಾಷೆಯಲ್ಲಿ ಕೇಳುವ ಹಕ್ಕಿಗೆ, ತನಗೆ ಅರ್ಥವಾಗುವ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕೂ ಸೇರಿದಾಗಲೇ ಸಂಭಾಷಣೆ ಪೂರ್ಣವಾಗುತ್ತದೆ. ಕನ್ನಡದಲ್ಲಿ ಎಷ್ಟು ಕಡತಗಳಿವೆ ಎಂದು ನಾವು ದಶಕಗಳಿಂದ ಕೇಳುತ್ತ ಬಂದಿದ್ದೇವೆ. ಇನ್ನು ಮುಂದೆ ಅವುಗಳಲ್ಲಿ ಎಷ್ಟು ಅರ್ಥವಾಗುತ್ತವೆ ಎಂದು ಕೇಳಬೇಕು. ಆ ಪ್ರಶ್ನೆಯನ್ನು ಕೇಳುವ ಶಾಸ್ತ್ರಜ್ಞಾನ ಕನ್ನಡ ವಿಭಾಗಗಳಲ್ಲಿಯೇ ಇದೆ. ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಊರಿನ ಆ ಮಹಿಳೆ ಬಲ್ಲರು.